ಹದಿನಾಲ್ಕು ದಿನದ ಬೀಗ

ವಾಲಿಬಾಲಿನ ಬಲೆ ಇಳಿಸಿ ಸುತ್ತಿಟ್ಟೆ.
ಬ್ಯಾಸ್ಕೆಟ್‌ಬಾಲಿನ ಚೀಲ ಇನ್ನೂ ಬಿಚ್ಚಿಲ್ಲ.
ನಡುವೆ ಹದಿನಾಲ್ಕು ದಿನ.
ಕಾಗದ ಬಂದಿದೆ ಮೇಲಿನ ಕಚೇರಿಯಿಂದ:
ಯಾರೂ ಓಡಬಾರದು, ಎಗರಬಾರದು,
ಕೋಚು ಆಟದ ಮಾತೆತ್ತಬಾರದು.
ಜಿಮ್ಮಿನ ಬಾಗಿಲಿಗೆ ಬೀಗ,
ಬೀಗದ ಕೈ ನನ್ನ ಸೊಂಟದಲ್ಲಿ.

ಈ ಶಾಲೆಯಲ್ಲಿ ಕಸ ಗುಡಿಸುವವನ ಮಾತು
ಕಾನೂನಾದದ್ದು ಇದೇ ಮೊದಲು.

ಒಬ್ಬ ಹುಡುಗಿಯ ಅಪ್ಪ ಫೋನು ಮಾಡಿದ:
ನದಿಯಾಚೆ ಊರಿನವರು ಚರ್ಚಿನ ನೆಲಮಾಳಿಗೆಯಲ್ಲಿ
ಕದ್ದು ಆಡಿಸ್ತಿದ್ದಾರಂತೆ, ಗೊತ್ತಾ ಡುವೇನ್?
ಗೊತ್ತಿಲ್ಲ ಎಂದೆ.
ಕಿಟಕಿಯಾಚೆ ಬೀಟ್ ಕಿತ್ತ ಹೊಲಗಳೆಲ್ಲ
ಕೆನಡಾದವರೆಗೂ ಬೀಳು ಬಿದ್ದಿದ್ದವು.
ಅವನ್ನು ಯಾರೂ ಸೋಮಾರಿ ಅನ್ನುವುದಿಲ್ಲ.

ದಿನಸಿ ಅಂಗಡಿಯಲ್ಲಿ, ಮೊಟ್ಟೆಯ ಫ್ರಿಜ್ಜಿನ ಮುಂದೆ
ಕೋಚ್ ಯರ್ಗನ್‌ಗೆ ತೋರಾ ಎದುರಾದಳು.
ಉತ್ತರ ಮರೆತ ಮಕ್ಕಳ ಹಾಗೆ ನಿಂತರು ಇಬ್ಬರೂ.
ಚಳಿ, ಎಂದರು ಅವರು.
ಹೌದು, ಚಳಿ, ಎಂದಳು ಇವಳು.
ಆಮೇಲೆ ಒಂದು ಡಜನ್ ಮೊಟ್ಟೆಯನ್ನು
ಒಡೆದಿದೆಯೇ ಎಂದು ಒಂದೊಂದಾಗಿ
ಇಬ್ಬರೂ ಸೇರಿ ನೋಡಿದರು.

ತೋರಾ ಹೌಗನ್.
ಆಗಸ್ಟಿನಿಂದ ನೆಲದ ಮೇಲಿದ್ದದ್ದಕ್ಕಿಂತ
ಗಾಳಿಯಲ್ಲಿದ್ದದ್ದೇ ಹೆಚ್ಚು ಎಂದು ಊರೆಲ್ಲ ಹೊಗಳಿತು.
ಆಟ ಮುಗಿದು ಚಪ್ಪಾಳೆ ಮುಗಿದ ಮೇಲೆ
ಹಿಂದಿನ ಮೆಟ್ಟಿಲನ್ನು ಅವಳು ಇಳಿಯುತ್ತಿದ್ದದ್ದು
ಕಂಬಿ ಹಿಡಿದು, ಅಡ್ಡಡ್ಡ, ಏಡಿಯ ಹಾಗೆ.
ಯಾರೂ ನೋಡಲಿಲ್ಲ.
ಮೆಟ್ಟಿಲು ಒರೆಸುವವನು ನೋಡಿದ.

ಮೊದಲ ಎರಡು ದಿನ ಮಧ್ಯಾಹ್ನ ಮೂರರವರೆಗೂ ನಿದ್ದೆಯಂತೆ.
ಸಕ್ಕರೆ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿದ ಅಮ್ಮ
ಆ ಕೋಣೆಯಲ್ಲಿ, ಇವಳು ಈ ಕೋಣೆಯಲ್ಲಿ.
ಎರಡನೆಯ ಕ್ಲಾಸಿನ ತಮ್ಮ ಬಂದು ವರದಿ ಒಪ್ಪಿಸಿದ:
ಮೂಗಿನ ಹತ್ತಿರ ಕೈಯಿಟ್ಟು ನೋಡಿದೆ,
ಸತ್ತಿಲ್ಲ.

ಒಂಬತ್ತನೆಯ ದಿನ, ಸರಿಯಾಗಿ ನಾಲ್ಕು ಗಂಟೆಗೆ,
ಬಾಗಿಲ ಮುಂದೆ ಅವಳ ಶೂಗಳು.
ಐದೇ ನಿಮಿಷ, ಡುವೇನ್. ಫ್ರೀ ಥ್ರೋ ಮಾತ್ರ.
ನಿಂತಲ್ಲೇ ಎಸೆಯೋದು, ಅದು ಓಟ ಅಲ್ವಲ್ಲ.

ಬಾಗಿಲನ್ನು ಬೆರಳಗಲ ತೆರೆದೆ.
ಕಣ್ಣು ಉರಿಸುವ ವಾಸನೆ ಹೊರಬಂತು.
ನೆಲಕ್ಕೆ ವಾರ್ನಿಷ್, ನಿನ್ನೆ ಹಚ್ಚಿದ ಮೂರನೆಯ ಪದರ,
ಕೊಳದ ಹಾಗೆ, ಎರಡು ಬುಟ್ಟಿಗಳು ತಲೆಕೆಳಗಾಗಿ ಅದರಲ್ಲಿ.
ಒಣಗಿದೆಯಲ್ಲ, ಎಂದಳು.
ಮೇಲೆ ಒಣಗಿದೆ, ಎಂದೆ. ಒಳಗೆ ಹಸಿ.

ಪೂರ್ವದ ಬೆಂಚಿನ ಕೆಳಗೊಂದು ಹೆಜ್ಜೆಯಿದೆ,
ಎಷ್ಟು ಉಜ್ಜಿದರೂ ಹೋಗದ್ದು.
ಎಪ್ಪತ್ತೊಂಬತ್ತರ ನವೆಂಬರಿನಲ್ಲಿ ಅವಸರಪಟ್ಟ ಒಬ್ಬ ಹುಡುಗನದು.
ಆ ಕಾಲು ಇವತ್ತು ಏಣಿ ಹತ್ತುವುದಿಲ್ಲ;
ಮೇಲಿನ ಬಲ್ಬುಗಳನ್ನು ಬೇರೆಯವರು ಬದಲಿಸುತ್ತಾರೆ.
ಅವಳಿಗೆ ಹೇಳಲಿಲ್ಲ.
ಹದಿನೇಳರ ಪ್ರಾಯಕ್ಕೆ
ಬೇರೆಯವರ ಮೊಳಕಾಲು ಬರೀ ಕಥೆ.

ಹೊಸ್ತಿಲಲ್ಲಿ ಕೂತು ಶೂ ಬಿಚ್ಚಿದಳು.
ಕಪ್ಪಾಗಿ ಬಿದ್ದುಹೋಗಿದ್ದ ಹೆಬ್ಬೆರಳ ಉಗುರು
ಅಕ್ಕಿಕಾಳಿನಷ್ಟು ಬಂದಿತ್ತು. ತೋರಿಸಿದಳು.
ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು:
ನಾಲ್ಕು ಗಂಟೆಗೆ ಜನ ಏನು ಮಾಡ್ತಾರೆ?

ಯೋಚಿಸಿದೆ. ನನಗೂ ಗೊತ್ತಿರಲಿಲ್ಲ.
ನಾಲ್ಕು ಗಂಟೆಗೆ ನಾನು ಯಾವಾಗಲೂ ಒರೆಸುತ್ತಿರುತ್ತೇನೆ.

ಬೀಟ್ ತುಂಬಿದ ಲಾರಿಗಳು ರಸ್ತೆಯಲ್ಲಿ ಹೋಗುತ್ತಿದ್ದವು.
ಎಣಿಸಿದೆವು. ಹನ್ನೊಂದು.
ನಡುವೆ ಎಲ್ಲೋ ಜಗಳ: ಹಾಲಿನ ಲಾರಿ ಲೆಕ್ಕಕ್ಕಿಲ್ಲ ಎಂದು ಅವಳು,
ಇದೆ ಎಂದು ನಾನು.
ಕತ್ತಲಾಯಿತು.

ಎದ್ದು ಶೂಗಳನ್ನು ಹೆಗಲಿಗೆ ನೇತುಹಾಕಿಕೊಂಡು
ಮೆಟ್ಟಿಲಿಳಿದಳು, ಕಂಬಿ ಮುಟ್ಟದೆ, ನೇರವಾಗಿ.
ಅರ್ಧದವರೆಗೆ ನೇರವಾಗಿ.
ಆಮೇಲೆ ಕೈ ತಾನಾಗಿ ಕಂಬಿಗೆ ಹೋಯಿತು.

ಇನ್ನೂ ಐದು ದಿನ ಇದೆ.